ಈ ವಾರದ ಸಮಸ್ಯೆ: ‘ತೆರೆದ ಸಾವಿನ ಬಾಯೆ ಕಂದಗೆ ತೊಟ್ಟಿಲಾಯಿತಲಾ’

ಪದ್ಯದಂಗಡಿ: ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಕೊಟ್ಟಿದ್ದೇನೆ, ಮೇಲಿನ ಐದು ನೀವು ಬರೆಯಿರಿ. ಭಾನುವಾರ ರಾತ್ರಿವರೆಗೆ ಸಮಯ. ಕಳೆದ ಸಲದ ಜಗಳ ಇಲ್ಲಿಗೆ ತರಬೇಡಿ, ದಯವಿಟ್ಟು.

ಗಮಕಿ ಗುಂಡ: ಬೋಣಿ ನನ್ನದೇ.

ಕರಿಯ ಕಾಲಡಿ ಕಡಲ ನಡುವಲಿ
ಉರಿಯ ಮಡಿಲಲಿ ವಿಷದ ಗುಟುಕಲಿ
ಹರಿಯ ಹೆಸರೊಂದನ್ನೆ ನೆಚ್ಚಿದ ತರಳ ನಡುಗಿದನೇ?
ಇರುಳು ಹಗಲಿನ ಹೊಸ್ತಿಲಲ್ಲಿಯೆ
ಬೆರಳ ತುದಿಯಲಿ ಕರುಳ ಬಗೆದಿರೆ
ತೆರೆದ ಸಾವಿನ ಬಾಯೆ ಕಂದಗೆ ತೊಟ್ಟಿಲಾಯಿತಲಾ

ಕರಾವಳಿ ಅಕ್ಕ: ‘ಇರುಳು ಹಗಲಿನ ಹೊಸ್ತಿಲು’ ಸೊಗಸಾಗಿದೆ ಗುಂಡಣ್ಣ. ಸಂಜೆಯೂ ಆಯ್ತು, ಬಾಗಿಲೂ ಆಯ್ತು.

ಶಕಟರೇಫ ಮೇಷ್ಟ್ರು: ಹೊಸ್ತಿಲು ಚೆನ್ನಾಗಿದೆ. ಪ್ರಾಸ ಹೊಸ್ತಿಲಲ್ಲೇ ಎಡವಿದೆ. ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು. ಸಮಸ್ಯೆಯ ಸಾಲಿನದು ‘ತೆಱೆದ’, ಹಳಗನ್ನಡದ ಱ, ಅಂದರೆ ಶಕಟರೇಫ. ನಿಮ್ಮ ಕರಿ, ಉರಿ, ಹರಿ, ಇರುಳು, ಬೆರಳು ಐದೂ ಬರೀ ರ. ಒಂದು ಕಾಲಿಗೆ ಚಪ್ಪಲಿ, ಐದು ಕಾಲಿಗೆ ಬೂಟು.

ಗಮಕಿ ಗುಂಡ: ಬಂದರು! ಮೇಷ್ಟ್ರೇ, ಱ ಅಕ್ಷರ ನಮ್ಮ ಮಗ್ಗಿ ಪುಸ್ತಕದಲ್ಲೂ ಇರಲಿಲ್ಲ. ಇವತ್ತು ತೆರೆದದ್ದನ್ನು ‘ತೆರೆದ’ ಅಂತಲೇ ಓದುತ್ತೇವೆ. ಪ್ರಾಸ ಕಿವಿಗೋ, ನಿಘಂಟಿಗೋ?

ಶಕಟರೇಫ ಮೇಷ್ಟ್ರು: ನಿಮ್ಮ ಕಿವಿಗೆ ಸಮುದ್ರದ ತೆರೆಯೂ ಬಾಗಿಲು ತೆಱೆಯುವುದೂ ಒಂದೇ ಆಗಿದ್ದರೆ ಅದು ಕಿವಿಯ ದೋಷ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಸುಮ್ನೆ ಕೂತು ಬರೆದದ್ದಲ್ಲ. ಅವನು ದೂರ ಅನ್ನಿಸಿದರೆ 1894ರ ಕಿಟ್ಟೆಲ್ ಕೋಶ ತೆಗೆಯಿರಿ. ಎರಡನ್ನೂ ಬೇರೆ ಬೇರೆ ಕೊಟ್ಟಿದ್ದಾನೆ.

ಗಮಕಿ ಗುಂಡ: ಹನ್ನೆರಡು ವರ್ಷದಿಂದ ಇದೇ ಕಿಟ್ಟೆಲ್ ತೋರಿಸಿ ಹೆದರಿಸುತ್ತಿದ್ದೀರಿ. ಹಿರಣ್ಯಕಶಿಪುವಿಗೂ ಇಷ್ಟು ಛಲ ಇರಲಿಲ್ಲ.

ಹೊಸಬ: ನಮಸ್ಕಾರ. ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಸೆರೆಯ ಬಾಗಿಲು ತಾನೆ ತೆರೆದಿರೆ
ಸುರಿವ ಮಳೆಯಲಿ ಬುಟ್ಟಿ ಹೊತ್ತಿರೆ
ಕೊರಳ ಮಟ್ಟದ ಯಮುನೆ ನಡುವಲಿ ತಂದೆ ನಡುಗಿರಲು
ಬೆರಳ ಚೀಪುತ ಮಲಗೆ ಕೂಸದು
ಹಿರಿಯ ಹಾವಿನ ಹೆಡೆಯ ನೆರಳಲಿ
ತೆರೆದ ಸಾವಿನ ಬಾಯೆ ಕಂದಗೆ ತೊಟ್ಟಿಲಾಯಿತಲಾ

ಶಕಟರೇಫ ಮೇಷ್ಟ್ರು: ಚೆನ್ನಾಗಿದೆ ತಮ್ಮಾ. ಬರೀತಾ ಇರು.

ಕರಾವಳಿ ಅಕ್ಕ: 👏

ಗಮಕಿ ಗುಂಡ: ಒಂದು ನಿಮಿಷ! ಈ ಹುಡುಗನ ಪದ್ಯದಲ್ಲಿ ಸೆಱೆಯೂ ಇದೆ, ಸುರಿಯೂ ಇದೆ, ಕೊರಳೂ ಇದೆ. ಬೂಟು, ಚಪ್ಪಲಿ, ಬರಿಗಾಲು ಎಲ್ಲ ಒಟ್ಟಿಗೆ. ಅಲ್ಲಿ ನಿಮ್ಮ ರೇಫ ನಿದ್ದೆ ಹೋಗಿತ್ತಾ?

ಶಕಟರೇಫ ಮೇಷ್ಟ್ರು: ಹೊಸಬರಿಗೆ ರಿಯಾಯಿತಿ ಉಂಟು. ಹಳಬರಿಗಿಲ್ಲ.

ಗಮಕಿ ಗುಂಡ: ಹಾಗಾದರೆ ನೀವೇ ಬರೆದು ತೋರಿಸಿ. ಆರಕ್ಕೆ ಆರೂ ಱ ಇರಬೇಕು. ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಬಿಡಬೇಕು.

(ಎರಡು ಗಂಟೆ ಯಾರದೂ ಸದ್ದಿಲ್ಲ. ಅಕ್ಕ ನಡುವೆ ಬಂದು ‘ಮೇಷ್ಟ್ರು ಊಟಕ್ಕೆ ಹೋದರೋ ಕೋಶಕ್ಕೆ ಹೋದರೋ’ ಅಂತ ಕೇಳಿ ಹೋದರು.)

ಶಕಟರೇಫ ಮೇಷ್ಟ್ರು: ಬೈಬಲಿನ ಮೋಶೆಯ ಕಥೆ. ನೈಲ್ ನದಿ.

ಹೊರೆಯ ಹೊರುವರ ಗಂಡು ಕೂಸನು
ತೊರೆಗೆ ಬಿಸುಡಲು ದೊರೆಯು ಸಾರಿರೆ
ಮರೆಯಲಿಟ್ಟಳು ಮೂರು ತಿಂಗಳು ತಾಯಿ ಬೆದರುತಲೇ
ಕಿರಿಯ ಜೊಂಡಿನ ಬುಟ್ಟಿ ಹೆಣೆದಳು
ಬರಿಯ ರಾಳವ ಬಳಿದು ನಂಬಿರೆ
ತೆರೆದ ಸಾವಿನ ಬಾಯೆ ಕಂದಗೆ ತೊಟ್ಟಿಲಾಯಿತಲಾ

ಹಳಗನ್ನಡದಲ್ಲಿ ಪೊಱೆ, ತೊಱೆ, ಮಱೆ, ಕಿಱಿ, ಬಱಿ, ತೆಱೆ. ಎಣಿಸಿಕೊಳ್ಳಿ.

ಹೊಸಬ: ಮೇಷ್ಟ್ರೇ, ‘ದೊರೆ’ ಬದಲು ಫರೋಹ ಅಂತಲೇ ಹಾಕಬಹುದಿತ್ತಲ್ವಾ?

ಶಕಟರೇಫ ಮೇಷ್ಟ್ರು: ಹಾಡಿ ನೋಡು. ಫರೋಹನನ್ನು ಎಲ್ಲಿ ನಿಲ್ಲಿಸಿದರೂ ಕುಂಟುತ್ತಾನೆ.

ಸಂಜೆಮಲ್ಲಿಗೆ: ತುಂಬಾ ದಿನದಿಂದ ಓದುತ್ತಿದ್ದೆ, ಇವತ್ತು ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಪ್ರಾರ್ಥನೆಗೆ ಕೂತಾಗ ಅಪ್ಪ ವಿಮೋಚನಕಾಂಡ ಓದುತ್ತಿದ್ದರು. ಹುಟ್ಟಿದ ಗಂಡು ಮಕ್ಕಳನ್ನೆಲ್ಲ ನದಿಗೆ ಹಾಕಿ ಅಂತ ರಾಜನ ಆಜ್ಞೆ. ತಾಯಿ ಯೋಕೆಬೆದಳು ಮಗುವನ್ನು ನದಿಗೇ ಹಾಕಿದಳು, ಆದರೆ ಬುಟ್ಟಿಯಲ್ಲಿ! ಅದನ್ನು ಎತ್ತಿಕೊಂಡವಳು ಅದೇ ರಾಜನ ಮಗಳು. ಹಾಲೂಡಿಸಲು ಯಾರು ಅಂತ ಹುಡುಕಿ, ಹೆತ್ತ ತಾಯಿಗೇ ಸಂಬಳ ಕೊಟ್ಟಳು. ಈ ಸಾಲಿಗೆ ಇದಕ್ಕಿಂತ ಒಪ್ಪುವ ಕಥೆ ಇಲ್ಲ ಮೇಷ್ಟ್ರೇ. ಆದರೆ ‘ಬೆದರುತಲೇ’ ಒಪ್ಪಲಾರೆ. ಇಬ್ರಿಯರಿಗೆ ಬರೆದ ಪತ್ರ 11:23 ನೋಡಿ. ಅವನ ತಂದೆತಾಯಿ ನಂಬಿಕೆಯಿಂದಲೇ ಮೂರು ತಿಂಗಳು ಬಚ್ಚಿಟ್ಟರು, ರಾಜನ ಅಪ್ಪಣೆಗೆ ಹೆದರಲಿಲ್ಲ ಅಂತ ಇದೆ.

ಗಮಕಿ ಗುಂಡ: ಆಹಾ! ಱ ಗೆದ್ದಿತು, ಅರ್ಥ ಸೋತಿತು. ‘ಬೆದರದೆಯೇ’ ಅನ್ನಿ ಮೇಷ್ಟ್ರೇ, ಮಾತ್ರೆಯೂ ಕೆಡುವುದಿಲ್ಲ.

ಶಕಟರೇಫ ಮೇಷ್ಟ್ರು: ಅನ್ನುವುದಿಲ್ಲ. ಹೆದರದವಳು ಯಾಕೆ ಬಚ್ಚಿಡುತ್ತಾಳೆ? ವಿಮೋಚನಕಾಂಡದಲ್ಲಿ ಅವಳು ಹೆದರಿದಳು ಅಂತಲೂ ಇಲ್ಲ, ಹೆದರಲಿಲ್ಲ ಅಂತಲೂ ಇಲ್ಲ. ರಾಳ ಬಳಿದಳು ಅಂತ ಇದೆ. ಹಾಗೆ ಕೂತು ರಾಳ ಬಳಿಯುವ ಕೈ ಯಾವುದು, ನೀವೇ ಹೇಳಿ.

ಸಂಜೆಮಲ್ಲಿಗೆ: ರಾಳ ಮಾತ್ರವಲ್ಲ, ಜೇಡಿಮಣ್ಣೂ ಇದೆ. ನಿಮ್ಮ ‘ಬರಿಯ’ ಅಲ್ಲಿ ಸುಳ್ಳು.

ಗಮಕಿ ಗುಂಡ: ಪಾದ ತುಂಬಿಸಲು ತಂದ ‘ಬರಿಯ’! ಒಪ್ಪಿಕೊಳ್ಳಿ.

ಶಕಟರೇಫ ಮೇಷ್ಟ್ರು: ಅದನ್ನು ಒಪ್ಪಿದೆ. ‘ಬೆದರುತಲೇ’ ಬಿಡೆ.

ಸಂಜೆಮಲ್ಲಿಗೆ: ಇನ್ನೊಂದು, ಪದ್ಯಕ್ಕೆ ಬೇಡದ್ದು. ಹೀಬ್ರೂವಿನಲ್ಲಿ ಆ ಬುಟ್ಟಿಗೂ ನೋಹನ ನಾವೆಗೂ ಒಂದೇ ಪದ.

ಗಮಕಿ ಗುಂಡ: ನನ್ನ ಪ್ರಹ್ಲಾದನಿಗೆ ಈ ತೊಂದರೆ ಇಲ್ಲ, ನೋಡಿ. ಭಾಗವತದಲ್ಲಿ ಲಕ್ಷ್ಮಿಯೂ ನರಸಿಂಹನ ಹತ್ತಿರ ಹೋಗಲು ಹೆದರುತ್ತಾಳೆ. ಹುಡುಗ ಹೋಗಿ, ನಿನ್ನ ಭಯಂಕರ ಬಾಯಿಗೆ ಹೆದರೋದಿಲ್ಲ, ಈ ಸಂಸಾರಕ್ಕೆ ಹೆದರುತ್ತೇನೆ ಅನ್ನುತ್ತಾನೆ. ಹೀಗಿರಬೇಕು ನಂಬಿಕೆ.

ಶಕಟರೇಫ ಮೇಷ್ಟ್ರು: ಅವನೂ ಒಂದಕ್ಕೆ ಹೆದರಿದ ಅಂತಾಯ್ತು. ನೀವೇ ಹೇಳಿದಿರಿ.

ಕರಾವಳಿ ಅಕ್ಕ: ನಾನೂ ಒಂದು ಹೇಳಲಾ? ನಮ್ಮಲ್ಲಿ ಮಳೆಗಾಲದ ಗುಡುಗು ಅಂದ್ರೆ ಹಂಚೆಲ್ಲ ಅದುರುತ್ತೆ. ಶುರುವಾದ ಕೂಡಲೇ ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು, ನಮ್ಮನ್ನೆಲ್ಲ ಒಂದೇ ಕಂಬಳಿಯೊಳಗೆ ಎಳೆದುಕೊಂಡು, ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಅಂತ ಹೇಳುತ್ತಿದ್ದರು. ಮಸಿ ಹತ್ತಿದ ಅವರ ಕೈ ನನ್ನ ಬೆನ್ನ ಮೇಲೆ ಗಡಗಡ ನಡುಗುತ್ತಿತ್ತು. ಹತ್ತು ಹೆಸರಲ್ಲಿ ಒಂದನ್ನೂ ಬಿಡುತ್ತಿರಲಿಲ್ಲ. ಮೇಷ್ಟ್ರ ‘ಬೆದರುತಲೇ’ ಓದಿದಾಗ ಆ ಕೈಯೇ ನೆನಪಾಯ್ತು.

ಶಕಟರೇಫ ಮೇಷ್ಟ್ರು: ಫಲ್ಗುನ. ನ.

ಗಮಕಿ ಗುಂಡ: ಅಯ್ಯೋ, ಅಜ್ಜಿಯನ್ನಾದರೂ ಬಿಡಿ ಮಾರಾಯರೇ!

ಸಂಜೆಮಲ್ಲಿಗೆ: ಅಕ್ಕಾ, ನಮ್ಮಮ್ಮನದೂ ಅದೇ ಕೈ. ಕೀರ್ತನೆ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಮೇಷ್ಟ್ರೇ, ‘ಬೆದರುತಲೇ’ ಇರಲಿ. ‘ಬರಿಯ’ ಮಾತ್ರ ತೆಗೆಯಿರಿ.

ಶಕಟರೇಫ ಮೇಷ್ಟ್ರು: ಆ ಜಾಗಕ್ಕೆ ಇನ್ನೊಂದು ಱ ಸಿಗಬೇಕಲ್ಲ ತಾಯೀ. ಹುಡುಕುತ್ತಿದ್ದೇನೆ.

ಪದ್ಯದಂಗಡಿ: ಸಮಯ ಮುಗಿಯಿತು. ಬಂದದ್ದು ಮೂರು ಪದ್ಯ, ಮಿಕ್ಕದ್ದೆಲ್ಲ ವಾದ. ಮುಂದಿನ ಸಮಸ್ಯೆ ಶನಿವಾರ. ಎರಡನೆಯ ಅಕ್ಷರ ರ ಇಲ್ಲದ ಸಾಲನ್ನೇ ಆರಿಸುತ್ತೇನೆ.

ಶಕಟರೇಫ ಮೇಷ್ಟ್ರು: ಳ ಇದ್ದರೆ ಮೊದಲೇ ತಿಳಿಸಿ. ಅದರಲ್ಲೂ ಎರಡು ಬಗೆ ಇದೆ.