ಧಾರಾವಾಹಿಯ ಸಂಗೀತ ಕಛೇರಿಯಲ್ಲಿ ಪರದೆಗೂ ವಾದಕರಿಗೂ ಹೊಂದಾಣಿಕೆ ಹೇಗೆ?

ರಾಯಚೂರು ಪಿಟೀಲು:
ಎಲ್ಲರಿಗೂ ನಮಸ್ಕಾರ. ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’ ಸಂಗೀತವನ್ನು 2010ರ ಜುಲೈ ತಿಂಗಳಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ ಕಛೇರಿಯ ಚಿತ್ರೀಕರಣವನ್ನು ಮೊನ್ನೆ ನೋಡಿದೆ. ಮೇಲೆ ಪರದೆಯಲ್ಲಿ ದೃಶ್ಯಗಳು ಓಡುತ್ತಿರುತ್ತವೆ. ಕೆಳಗೆ ವೇಲ್ಸಿನ ಬಿಬಿಸಿ ರಾಷ್ಟ್ರೀಯ ವಾದ್ಯವೃಂದವೂ ದೊಡ್ಡ ಗಾಯಕವೃಂದವೂ ಅದಕ್ಕೆ ಸರಿಯಾಗಿ ನುಡಿಸುತ್ತ, ಹಾಡುತ್ತ ಹೋಗುತ್ತವೆ. ನಾವು ನಾಲ್ವರು ಕೂಡಿ ನುಡಿಸುವಾಗಲೇ ಮುಕ್ತಾಯದ ಹೊತ್ತಿಗೆ ಒಬ್ಬರು ಹಿಂದೆ ಬೀಳುತ್ತೇವೆ. ಅಷ್ಟು ಜನ ಚಿತ್ರದ ಜೊತೆ ಹೇಗೆ ಸಾಗುತ್ತಾರೆ? ಇನ್ನೊಂದು ಸಂದೇಹ: ಹಳೆಯ ಕಂತುಗಳ ಶೀರ್ಷಿಕೆ ಸಂಗೀತ ಮೈ ಜುಮ್ಮೆನಿಸುತ್ತದೆ, ಕಛೇರಿಯಲ್ಲಿ ಅದೇ ರಾಗ ಭವ್ಯವಾಗಿ ಕೇಳುತ್ತದೆಯೇ ಹೊರತು ಭಯ ಹುಟ್ಟಿಸುವುದಿಲ್ಲ. ಏಕೆ?

ಬಳ್ಳಾರಿ ಕಾಲಪೇಟಿ:
ಪಿಟೀಲಿನವರೇ, ಕಂಪನಿ ನಾಟಕದಲ್ಲಿ ಪೇಟಿ ನುಡಿಸಿದ ಅನುಭವದಿಂದ ಹೇಳುತ್ತೇನೆ. ನಮ್ಮಲ್ಲಿ ನಟ ಮಾತನ್ನು ಎಳೆದರೆ ನಾವೂ ಎಳೆಯುತ್ತೇವೆ, ‘ವನ್ಸ್ ಮೋರ್’ ಬಂದರೆ ಪದವನ್ನು ಮೊದಲಿನಿಂದ ಎತ್ತಿಕೊಳ್ಳುತ್ತೇವೆ. ತೊಗಲುಗೊಂಬೆಯಾಟದಲ್ಲಂತೂ ಗೊಂಬೆ ಆಡಿಸುವವರೇ ಹಾಡುವುದರಿಂದ ಕಣ್ಣು, ಕೈ, ಕಂಠ ಮೂರೂ ಒಬ್ಬರವೇ. ಆದರೆ ಓಡುವ ಚಿತ್ರ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಇಂಥ ಕಛೇರಿಗಳಲ್ಲಿ ವಾದ್ಯವೃಂದದ ನಿರ್ದೇಶಕರ ಕಿವಿಯಲ್ಲಿ ‘ಕ್ಲಿಕ್ ಟ್ರ್ಯಾಕ್’ ಎಂಬ ಟಕ್ ಟಕ್ ಲಯ ಸಭಿಕರಿಗೆ ಕೇಳದಂತೆ ನಡೆಯುತ್ತಿರುತ್ತದೆ. ಹಲವು ಬಾರಿ ಡ್ರಮ್ಮಿನವರ ಕಿವಿಯಲ್ಲಿಯೂ ಅದು ಇರುತ್ತದೆ. ಉಳಿದವರು ನಿರ್ದೇಶಕರ ಕೋಲನ್ನು ನೋಡುತ್ತಾರೆ. (ಅವರನ್ನು ಅಲ್ಲಿ ಕಂಡಕ್ಟರ್ ಎನ್ನುತ್ತಾರೆ, ನಮಗೆ ಆ ಹೆಸರು ಕೇಳಿದೊಡನೆ ಟಿಕೆಟ್ಟೇ ನೆನಪಾಗುತ್ತದೆ.) ಇದರ ಜೊತೆಗೆ, ಪರದೆಯ ಮೇಲೆ ಬರುವುದು ಬಹುಪಾಲು ಇಡೀ ಕಂತಲ್ಲ, ಹಲವು ಕಂತುಗಳಿಂದ ಆಯ್ದು ಆ ಸಂಗೀತದ ಅಳತೆಗೆ ಜೋಡಿಸಿದ ದೃಶ್ಯಮಾಲೆ. ಅಂದರೆ ಅರ್ಧ ಕೆಲಸ ಸಂಕಲನದ ಮೇಜಿನ ಮೇಲೆಯೇ ಮುಗಿದಿರುತ್ತದೆ.

‘ಡಾಕ್ಟರ್ ಹೂ’ ಸಂಗೀತವನ್ನು ಹೀಗೆ ಕಛೇರಿಯಲ್ಲಿ ನುಡಿಸುವುದು 2006ರ ನವೆಂಬರ್ 19ರಂದು ವೇಲ್ಸಿನ ಕಾರ್ಡಿಫ್‌ನಲ್ಲಿ ನಡೆದ ಸಹಾಯಾರ್ಥ ಕಛೇರಿಯಿಂದ ಬಂದ ಪದ್ಧತಿ. ಸಂಗೀತ ಮರ್ರೆ ಗೋಲ್ಡ್ ಅವರದು, ವಾದ್ಯವೃಂದದ ನಿರ್ದೇಶನ ಬೆನ್ ಫಾಸ್ಟರ್ ಅವರದು. 2008ರಲ್ಲಿ ಅದು ಪ್ರಾಮ್ಸ್ ಎಂಬ ಬಿಬಿಸಿಯ ಸಂಗೀತೋತ್ಸವಕ್ಕೂ ಬಂದಿತು.

ಗಂಗಾವತಿ ಗದ್ದೆ:
ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿತು. 1963ರಲ್ಲಿ ಆ ರಾಗವನ್ನು ರಾನ್ ಗ್ರೇನರ್ ಬರೆದರು. ಅದಕ್ಕೆ ನಾದದ ರೂಪ ಕೊಟ್ಟವರು ಬಿಬಿಸಿಯ ಧ್ವನಿಪ್ರಯೋಗ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಡೆಲಿಯಾ ಡರ್ಬಿಶೈರ್. ಮೀಟಿದ ಒಂದು ತಂತಿಯ ನಾದವನ್ನು ಟೇಪಿಗೆ ಹಿಡಿದು, ಅದರ ವೇಗವನ್ನು ಬದಲಿಸಿ ಬೇರೆ ಬೇರೆ ಸ್ವರಗಳನ್ನು ಪಡೆದು, ಪ್ರತಿ ಸ್ವರಕ್ಕೂ ಟೇಪನ್ನು ಅಳತೆಗೆ ಕತ್ತರಿಸಿ ಅಂಟಿಸಿ ಅವರು ಕೆಳಗಿನ ಗತಿಯನ್ನು ಕಟ್ಟಿದರು. ಮೇಲಿನ ರಾಗ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಆಸಿಲೇಟರ್ ಯಂತ್ರಗಳದ್ದು. ಹಾಗಾಗಿ ಕೇಳುಗನಿಗೆ ಅದು ಯಾವ ವಾದ್ಯವೆಂದು ಊಹಿಸುವುದಕ್ಕೆ ಆಸ್ಪದವೇ ಇರಲಿಲ್ಲ. ಭಯ ಹುಟ್ಟುತ್ತಿದ್ದದ್ದು ಅಲ್ಲಿಂದ. ವಾದ್ಯವೃಂದ ಅದನ್ನು ಎತ್ತಿಕೊಂಡೊಡನೆ ಇದು ಪಿಟೀಲು, ಇದು ಕಹಳೆ ಎಂದು ನಮಗೆ ಗುರುತು ಸಿಕ್ಕಿಬಿಡುತ್ತದೆ. ತಮ್ಮ ಗೌರವಧನದಲ್ಲಿ ಅರ್ಧ ಡರ್ಬಿಶೈರ್ ಅವರಿಗೆ ಸಲ್ಲಬೇಕೆಂದು ಗ್ರೇನರ್ ಬಯಸಿದರೂ ಅಂದಿನ ನಿಯಮ ಒಪ್ಪಲಿಲ್ಲ. ತೆರೆಯ ಮೇಲೆ ಆಕೆಯ ಹೆಸರು ಬಂದದ್ದು 2013ರ ಐವತ್ತನೆಯ ವರ್ಷದ ಕಂತಿನಲ್ಲಿ, ಆಕೆ ತೀರಿಹೋದ ಹನ್ನೆರಡು ವರ್ಷಗಳ ನಂತರ.

ಬಳ್ಳಾರಿ ಕಾಲಪೇಟಿ:
ಗದ್ದೆಯವರೇ, ಒಂದು ತಕರಾರು. ಗುರುತು ಸಿಗುವುದೇ ಕೊರತೆಯೆಂದು ನಾನು ಒಪ್ಪಲಾರೆ. ಅಷ್ಟು ಬಿಲ್ಲುಗಳು ಒಮ್ಮೆಲೇ ಏಳುವುದನ್ನು ಕಾಣುವ ಸುಖ ಟೇಪಿನಲ್ಲಿ ಎಲ್ಲಿದೆ?

ರಾಯಚೂರು ಪಿಟೀಲು:
ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಮೊಬೈಲಿನಲ್ಲಿ ಕ್ಲಿಕ್ ಹಾಕಿ ತಬಲಾ ನುಡಿಸುವ ನಮ್ಮ ಹಿರಿಯರ ಕಿವಿಗೆ ಇಟ್ಟೆ. ನಾಲ್ಕು ಆವರ್ತನ ನುಡಿಸಿ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು, “ನನ್ನ ತಾಳ ಎಣಿಸಲು ಇನ್ನೊಬ್ಬ ಆಳು ಬೇಡಪ್ಪಾ” ಎಂದರು. ಇಂದು ಅದನ್ನು ನಾನೇ ಹಾಕಿಕೊಂಡು ನುಡಿಸಿ ನೋಡಬೇಕೆಂದಿದ್ದೇನೆ.