‘ಪ್ರೋಗ್ನೋಸಿಸ್’ಗೆ ಕನ್ನಡದಲ್ಲಿ ಯಾವ ಪದ? – ಸ್ತನ ಕ್ಯಾನ್ಸರ್ ಕುರಿತ ಬರಹಗಳಿಗಾಗಿ

ಬಳಗದ ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್‌ನ ಗಡ್ಡೆಯಲ್ಲಿರುವ ಕೆಲವು ಪ್ರೋಟೀನ್‌ಗಳನ್ನು ಪರೀಕ್ಷಿಸಿ ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜು ಮಾಡುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವಾಗ, ‘ಪ್ರೋಗ್ನೋಸಿಸ್’ ಎಂಬುದಕ್ಕೆ ಯಾವ ಪದವನ್ನು ಬಳಸುವುದು ಸರಿ ಎಂದು ತಿಳಿಯಬಯಸುತ್ತೇನೆ.

ಥಟ್ಟನೆ ನೆನಪಾಗುವುದು ‘ಮುನ್ಸೂಚನೆ’. ಆದರೆ ‘ಸ್ತನ ಕ್ಯಾನ್ಸರ್‌ನ ಮುನ್ಸೂಚನೆಗಳು’ ಎಂದು ಬರೆದರೆ, ರೋಗ ಬರುವ ಮೊದಲು ಅಥವಾ ಅದರ ಆರಂಭದಲ್ಲಿ ಕಾಣುವ ಲಕ್ಷಣಗಳೆಂದೇ ಓದುಗರು ತಿಳಿಯುತ್ತಾರೆ. ಇಲ್ಲಿ ಹೇಳಬೇಕಾದದ್ದು ಬೇರೆ: ಈಗಾಗಲೇ ಪತ್ತೆಯಾಗಿರುವ ರೋಗವು ಮುಂದೆ ಯಾವ ದಾರಿ ಹಿಡಿದೀತು, ಮರುಕಳಿಸೀತೇ, ರೋಗಿ ಎಷ್ಟು ಕಾಲ ಬಾಳಿಯಾರು ಎಂಬುದು. ನಮ್ಮ ಸಂಭಾವನಾರ್ಥಕ ಕ್ರಿಯಾರೂಪಗಳು ಈ ಅನಿಶ್ಚಿತತೆಯನ್ನು ಸೊಗಸಾಗಿ ಹಿಡಿಯುತ್ತವೆ. ಸಿಗದಿರುವುದು ನಾಮಪದ ಮಾತ್ರ. ‘ಭವಿಷ್ಯ’ ಎಂದರೆ ಜ್ಯೋತಿಷ್ಯದ ನೆರಳು ಬೀಳುತ್ತದೆ. ಆಯುರ್ವೇದದ ‘ಸಾಧ್ಯಾಸಾಧ್ಯತೆ’ ಅರ್ಥದಲ್ಲಿ ಹತ್ತಿರವಿದೆಯಾದರೂ, ಅದು ರೋಗಗಳನ್ನು ಸಾಧ್ಯ, ಕೃಚ್ಛ್ರಸಾಧ್ಯ (ಕಷ್ಟದಿಂದ ಗುಣವಾಗುವುದು), ಯಾಪ್ಯ (ಗುಣವಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು), ಅಸಾಧ್ಯ ಎಂದು ವರ್ಗೀಕರಿಸುವ ಮಾತು. ಇಂದಿನ ವೈದ್ಯರು ಹೇಳುವುದು ಸಂಭವದ ಪ್ರಮಾಣವನ್ನು. ಆದ್ದರಿಂದ ನನ್ನ ಒಲವು ‘ರೋಗಗತಿಯ ಅಂದಾಜು’ ಎಂಬುದರ ಕಡೆಗಿದೆ.

ಹೆಚ್ಚು ತೊಡಕಿನದು ಇನ್ನೊಂದಿದೆ. ಈ ಪ್ರೋಟೀನ್ ಸೂಚಕಗಳು ಎರಡು ಬಗೆಯ ಕೆಲಸ ಮಾಡುತ್ತವೆ. ಚಿಕಿತ್ಸೆ ಯಾವುದೇ ಇರಲಿ, ರೋಗ ಎಷ್ಟು ತೀವ್ರವಾಗಿ ಸಾಗೀತು ಎಂಬುದನ್ನು ತಿಳಿಸುವುದು ಒಂದು. ನಿರ್ದಿಷ್ಟ ಔಷಧಕ್ಕೆ ಗಡ್ಡೆ ಸ್ಪಂದಿಸೀತೇ ಎಂಬುದನ್ನು ತಿಳಿಸುವುದು ಮತ್ತೊಂದು. ಎರಡಕ್ಕೂ ‘ಮುನ್ಸೂಚಕ’ ಎಂದುಬಿಟ್ಟರೆ ಭೇದವೇ ಅಳಿಸಿಹೋಗುತ್ತದೆ. ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಹರ್-2 (HER2) ಪ್ರೋಟೀನನ್ನೇ ನೋಡಿ. ಅದರ ಜೀನ್‌ನ ಪ್ರತಿಗಳು ಹೆಚ್ಚಾಗಿರುವ ಗಡ್ಡೆಗಳು ಬೇಗ ಮರುಕಳಿಸುತ್ತವೆ ಎಂದು 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಾಗ ಅದು ಕೆಟ್ಟ ರೋಗಗತಿಯ ಗುರುತಾಗಿತ್ತು. ಅದೇ ಪ್ರೋಟೀನನ್ನು ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ, ಯಾರಿಗೆ ಆ ಔಷಧ ಕೊಡಬೇಕೆಂಬುದನ್ನು ತಿಳಿಸುವ ಗುರುತೂ ಆಯಿತು. ಈಸ್ಟ್ರೋಜನ್ ಗ್ರಾಹಕವೂ (ಈಸ್ಟ್ರೋಜನ್ ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೋಟೀನ್) ಹೀಗೆಯೇ ಎರಡು ಮಾತು ಹೇಳುತ್ತದೆ. ಅದು ಇದ್ದರೆ, ಆ ಹಾರ್ಮೋನಿನ ಪ್ರಭಾವವನ್ನು ತಡೆಯುವ ಟಾಮಾಕ್ಸಿಫೆನ್‌ನಂಥ ಔಷಧಗಳಿಗೆ ದಾರಿಯಿದೆ. ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಕಾಣುವ ಕೆಐ-67 (Ki-67) ಎಂಬ ಪ್ರೋಟೀನ್ ಮಾತ್ರ ಮುಖ್ಯವಾಗಿ ಮೊದಲ ಬಗೆಯದು.

ಹೀಗಾಗಿ ಮೊದಲನೆಯದಕ್ಕೆ ‘ರೋಗಗತಿ ಸೂಚಕ’, ಎರಡನೆಯದಕ್ಕೆ ‘ಚಿಕಿತ್ಸಾ ಸ್ಪಂದನ ಸೂಚಕ’ ಎಂದು ಬಳಸಬಹುದೇ? ತನ್ನ ವರದಿಯನ್ನು ಕೈಯಲ್ಲಿ ಹಿಡಿದಿರುವ ರೋಗಿಗೆ ‘ಹರ್-2 ಪಾಸಿಟಿವ್’ (ಗಡ್ಡೆಯಲ್ಲಿ ಹರ್-2 ಹೆಚ್ಚಾಗಿದೆ) ಎಂಬುದು ಬರಿಯ ಕೆಟ್ಟ ಸುದ್ದಿಯಲ್ಲ, ಅದಕ್ಕೆ ತಕ್ಕ ಔಷಧವಿದೆ ಎಂಬುದೂ ಈ ಪದಗಳಿಂದಲೇ ತಿಳಿಯುವಂತಿರಬೇಕು ಎಂಬುದು ನನ್ನ ಆಸೆ. ‘ಸ್ಪಂದನ’ಕ್ಕಿಂತ ತಿಳಿಯಾದ ಪದ ಹೊಳೆದರೆ, ಅಥವಾ ‘ರೋಗಗತಿ’ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ದರೆ, ದಯವಿಟ್ಟು ತಿಳಿಸಿ.