ಪದಚರ್ಚೆ: ‘ನಿರ್ಗಮಿತ ಕುಲಪತಿ’, ‘ಬೀಳ್ಕೊಡುಗೆ ಭಾಷಣ’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ರಾಜ್ಯದ ವಿಶ್ವವಿದ್ಯಾಲಯವೊಂದರ ಆಮಂತ್ರಣ ಪತ್ರಿಕೆ, ಫ್ಲೆಕ್ಸ್ ಎರಡಕ್ಕೂ ಕನ್ನಡ ಬೇಕಾಗಿದೆ. ನಾಳೆ ಹನ್ನೊಂದಕ್ಕೆ ಪ್ರೆಸ್ಸಿಗೆ ಹೋಗಬೇಕು. ಔಟ್‌ಗೋಯಿಂಗ್ ವೈಸ್ ಛಾನ್ಸಲರ್, ವೈಸ್ ಛಾನ್ಸಲರ್ ಡೆಸಿಗ್ನೇಟ್, ಫೇರ್‌ವೆಲ್ ಅಡ್ರೆಸ್, ಲೀಡರ್‌ಶಿಪ್ ಟ್ರಾನ್ಸಿಷನ್: ಇವಕ್ಕೆ ಸದ್ಯ ನಿರ್ಗಮಿತ ಕುಲಪತಿ, ನಿಯೋಜಿತ ಕುಲಪತಿ, ಬೀಳ್ಕೊಡುಗೆ ಭಾಷಣ, ನಾಯಕತ್ವ ಪರಿವರ್ತನೆ ಎಂದು ಹಾಕಿದ್ದೇನೆ. ಫ್ಲೆಕ್ಸ್ ಎಂಟಡಿ ಅಗಲ, ಪದ ಗಿಡ್ಡ ಇದ್ದಷ್ಟೂ ಒಳ್ಳೆಯದು.

ಮರು: ‘ನಿರ್ಗಮಿತ’ ತೆಗೆಯಿರಿ. ಗಮ್ ಧಾತುವಿನ ಕ್ತಾಂತ (ಸಂಸ್ಕೃತದ ಭೂತಕೃದಂತ ರೂಪ) ‘ಗತ’. ‘ಗಮಿತ’ ಆಗುವುದು ಣಿಜಂತದಲ್ಲಿ (ಮಾಡಿಸು ಎಂಬಂಥ ಪ್ರೇರಣಾರ್ಥಕದಲ್ಲಿ), ಅಂದರೆ ನಿರ್ಗಮಿತರು ಹೊರಗೆ ಕಳಿಸಲ್ಪಟ್ಟವರು. ಪತ್ರಿಕೆಗಳು ದಿನಾ ಬರೆಯುತ್ತವೆ ಎನ್ನಬೇಡಿ. ‘ನಿರ್ಗತ’ ಎಂದರೆ ಆಗಲೇ ಹೋದವರು. ಹಾರ ಹಾಕಿಸಿಕೊಂಡು ವೇದಿಕೆಯಲ್ಲಿ ಕೂತಿರುವವರಿಗೆ ಅದೂ ಹೊಂದದು. ‘ನಿಕಟಪೂರ್ವ’ವನ್ನು ಮರುದಿನದಿಂದ ಬಳಸಿ. ಅಂದಿನ ಮಟ್ಟಿಗೆ ಬರೀ ‘ಕುಲಪತಿ’ ಸಾಕು.

ಮರು: ಬೀಳ್ಕೊಡುಗೆ ಭಾಷಣ ಯಾರದ್ದು? ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ಹಳಗನ್ನಡದ ಬೀೞ್ಕೊಳ್, ಬೀೞ್ಕೊಡು ಜೋಡಿಯಲ್ಲಿ ಈ ಕೊಳ್-ಕೊಡು ವ್ಯತ್ಯಾಸ ಸ್ಪಷ್ಟವಾಗಿಯೇ ಇದೆ. ಕುಲಸಚಿವರು ಆಡುವುದು ಬೀಳ್ಕೊಡುಗೆಯ ಮಾತು, ಕುಲಪತಿಗಳದ್ದು ವಿದಾಯ ಭಾಷಣ. ತಲೆಬರಹಕ್ಕೆ ‘ಬೀಳ್ಕೊಡುಗೆ ಸಮಾರಂಭ’ ಸರಿ. ಪ್ರೂಫಿನಲ್ಲಿ ಎರಡು ಕಡೆ ಕಣ್ಣಿಡಿ: ‘ಬಿಳ್ಕೊಡುಗೆ’ ಎಂಬ ಹ್ರಸ್ವ, ಮತ್ತು ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಜಾಗ ತಪ್ಪುವ ಅರ್ಕಾವೊತ್ತು. ಕಾರ್ಯಕ್ರಮ ಹೋಗಿ ‘ಕಾಯರ್ಕ್ರಮ’ ಆಗುವುದು ಹೀಗೆ.

ಮರು: ವಿದಾಯ ಯಾಕೆ ಬೇಕು? ಅದು ಕನ್ನಡವೂ ಅಲ್ಲ, ಸಂಸ್ಕ್ರುತವೂ ಅಲ್ಲ. ಅರಬಿಯ ಮಾತು ಪಾರಸಿಯ ಬಾಯಲ್ಲಿ ‘ವಿದಾ’ ಆಗಿ ಹಿಂದಿಗೆ ಬಂತು, ಆಮೇಲೆ ‘ಯ’ ಅಂಟಿಸಿಕೊಂಡು ಮಡಿ ಉಟ್ಟು ಕೂತಿದೆ. ‘ಬೀಳ್ಕೊಳ್ಳುವ ನುಡಿ’ ಅನ್ನಿ. ‘ನಾಯಕತ್ವ ಪರಿವರ್ತನೆ’ಯ ಬದಲು ‘ಹೊಣೆ ಒಪ್ಪಿಸಿಕೊಡುವಿಕೆ’.

ಮರು: ಎಂಟಡಿಯಲ್ಲಿ ಹಿಡಿಯುವುದಿಲ್ಲ. ಅರಬಿ ಬೇಡವಾದರೆ ‘ಕುಲಪತಿ ಹುದ್ದೆ ಖಾಲಿ ಇದೆ’ ಎಂಬುದನ್ನೂ ಬಿಡಬೇಕಾದೀತು. ಹುದ್ದೆ, ಖಾಲಿ ಎರಡೂ ಅರಬಿ ಮೂಲದವೇ.

ಮರು: ಜಗಳದ ನಡುವೆ ಕೆಲಸದ ಮಾತು. ‘ನಿಯೋಜಿತ’ ಬೇಡ; ನಮ್ಮ ಕಚೇರಿಗಳಲ್ಲಿ ನಿಯೋಜನೆ ಎಂದರೆ ಡೆಪ್ಯುಟೇಶನ್. ‘ನಾಯಕತ್ವ ಪರಿವರ್ತನೆ’ ಓದಿದರೆ ಪಕ್ಷದ ಶಾಸಕಾಂಗ ಸಭೆ ನೆನಪಾಗುತ್ತದೆ. ‘ಅಧಿಕಾರ ಹಸ್ತಾಂತರ’ ಹಾಕಿ. ‘ಪ್ರಭಾರ’ದ ವಿಷಯದಲ್ಲಿ ಹುಷಾರು: ಚಾರ್ಜ್ ಎಂಬುದಕ್ಕೂ ಇನ್‌ಚಾರ್ಜ್ ಎಂಬುದಕ್ಕೂ ಅದೇ ಪದ. ‘ಪ್ರಭಾರ ವಹಿಸಿಕೊಂಡರು’ ಎಂದು ಅಚ್ಚಾದರೆ ಕಾಯಂ ಕುಲಪತಿಯನ್ನು ಓದುವವರು ಹಂಗಾಮಿ ಎಂದುಕೊಳ್ಳುತ್ತಾರೆ. ‘ಅಧಿಕಾರ ಸ್ವೀಕರಿಸಿದರು’ ಎನ್ನಿ.

ಎಲ್ಲಕ್ಕಿಂತ ಮೊದಲು ನೇಮಕಾತಿ ಆದೇಶ ನೋಡಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಲ್ಲಿ ಕುಲಪತಿಯ ಅವಧಿ 4 ವರ್ಷ. ಶೋಧನಾ ಸಮಿತಿಯ ಪಟ್ಟಿಯಿಂದ ನೇಮಿಸುವವರು ಕುಲಾಧಿಪತಿಗಳಾದ ರಾಜ್ಯಪಾಲರು. ಆದೇಶ ತಡವಾದರೆ ಸಾಮಾನ್ಯವಾಗಿ ಹಿರಿಯ ಡೀನ್ ಒಬ್ಬರು ಹಂಗಾಮಿಯಾಗಿ ಕೂರುತ್ತಾರೆ, ನಿಮ್ಮ ‘ನೂತನ ಕುಲಪತಿ’ ಫ್ಲೆಕ್ಸ್ ಗೋದಾಮಿಗೆ ಹೋಗುತ್ತದೆ. ಆದೇಶ ಕೈಸೇರಿದ್ದರೂ ಸಿಟಿಸಿಗೆ (ಅಧಿಕಾರ ಹಸ್ತಾಂತರದ ಪ್ರಮಾಣಪತ್ರಕ್ಕೆ) ಇಬ್ಬರ ಸಹಿ ಬೀಳುವ ತನಕ ಹಳಬರೇ ಕುಲಪತಿ. ಅದರಲ್ಲಿ ತಾರೀಕಿನ ಪಕ್ಕ ಪೂರ್ವಾಹ್ನ, ಅಪರಾಹ್ನ ಎಂದು ಬರೆದಿರುತ್ತದೆ. ಸಮಾರಂಭ ಬೆಳಿಗ್ಗೆ, ಸಹಿ ಅಪರಾಹ್ನ ಎಂದಿದ್ದರೆ ಹೊಸಬರನ್ನು ‘ಕುಲಪತಿಗಳಾಗಿ ನೇಮಕಗೊಂಡಿರುವ’ ಎಂದೇ ಬರೆಯಬೇಕು.

ಮರು: ಒಂದೇ ಪತ್ರಿಕೆಯಲ್ಲಿ ಕುಲಾಧಿಪತಿ, ಉಪಕುಲಪತಿ ಎರಡನ್ನೂ ಬೆರೆಸಬೇಡಿ. ಉಪಕುಲಪತಿ ಹಳೆಯ ಪದ್ಧತಿ, ಆಗ ಕುಲಪತಿ ಎಂದರೆ ಛಾನ್ಸಲರ್. ತೆಲುಗಿನಲ್ಲಿ ಈಗಲೂ ಹಾಗೆಯೇ. ಅಂದಹಾಗೆ, ನೈಮಿಷಾರಣ್ಯದ ಶೌನಕ ಕುಲಪತಿ. ಹತ್ತು ಸಾವಿರ ಮುನಿಗಳಿಗೆ ಅನ್ನ ಹಾಕಿ ಪಾಠ ಹೇಳುವವನು ಎಂಬುದು ಅದರ ಲಕ್ಷಣ. ಹಾಸ್ಟೆಲ್ ಮೆಸ್ಸಿನ ಬಾಕಿ ಬಿಲ್ಲು ಮುಂದಿಟ್ಟುಕೊಂಡವರು ಈ ವ್ಯಾಖ್ಯೆ ಓದಲಿ.

ಮರು: ಹಾಗಾದರೆ ಮಹಿಳೆ ಬಂದರೆ? ‘ಪತಿ’ ಏನಾಗುತ್ತದೆ? ಮರಾಠಿಯಲ್ಲಿ ಬಹುಕಾಲದಿಂದ ಕುಲಗುರು. ಮಧ್ಯಪ್ರದೇಶ 2024ರಲ್ಲಿ, ರಾಜಸ್ಥಾನ 2025ರಲ್ಲಿ ಅದನ್ನೇ ಒಪ್ಪಿಕೊಂಡವು.

ಮರು: ರಾಷ್ಟ್ರಪತಿ ಹುದ್ದೆಗೆ ಬಾರದ ತೊಂದರೆ ಇಲ್ಲಿ ಯಾಕೆ? ‘ಪತಿ’ಗೆ ಒಡೆಯ ಎಂಬ ಅರ್ಥವೂ ಇದೆ. ಮುಗಿಯಿತು.

ಮರು: ಒಡೆಯನೂ ಗಂಡಸೇ. ಮುಗಿದಿಲ್ಲ.

ಮರು: ಧನ್ಯವಾದಗಳು. ಆದೇಶ ಬಂದಿದೆ, ಸಹಿ ಅಪರಾಹ್ನಕ್ಕೆ. ಫ್ಲೆಕ್ಸಿಗೆ ‘ಕುಲಪತಿಗಳ ಬೀಳ್ಕೊಡುಗೆ ಮತ್ತು ಅಧಿಕಾರ ಹಸ್ತಾಂತರ ಸಮಾರಂಭ’. ಒಳಪುಟದಲ್ಲಿ ‘ವಿದಾಯ ಭಾಷಣ: ಕುಲಪತಿಗಳು’. ಹೊಸಬರ ಹೆಸರಿನ ಮುಂದೆ ‘ಕುಲಪತಿಗಳಾಗಿ ನೇಮಕಗೊಂಡಿರುವ’. ಅರ್ಕಾವೊತ್ತು ಮೂರು ಸಲ ನೋಡಿದೆ. ಕುಲಗುರುವಿನ ಚರ್ಚೆಗೆ ದಯವಿಟ್ಟು ಬೇರೆ ವಿಷಯಸಾಲು ಹಾಕಿ.